ತಳಕಲ್ಲಿನ ತರುಣರೂ ಯಂತ್ರವಿದ್ಯೆಯೂ

ನಾಡು ಒಂದಾಯಿತು, ಇನ್ನು ಮಾಡತಕ್ಕ ಕೆಲಸವೇನೂ ಉಳಿದಿಲ್ಲವೆಂದು ತಿಳಿಯುವವರು ಒಮ್ಮೆ ತಳಕಲ್ಲಿನ ಕಡೆಗೆ ಕಣ್ಣು ಹೊರಳಿಸಬೇಕು. ಇಂದು ಕೊಪ್ಪಳ ಜಿಲ್ಲೆಯ ಕುಕನೂರು ತಾಲೂಕಿಗೆ ಸೇರಿರುವ ಈ ಗ್ರಾಮವು 1948ರ ವರೆಗೆ ನಿಜಾಮನ ಆಳಿಕೆಯಲ್ಲಿತ್ತು. ರೈಲಿನಲ್ಲಿ ತುಸುದೂರ ಪಡುವಣಕ್ಕೆ ಸಾಗಿದರೆ ಸಿಕ್ಕುವ ಗದಗವು ಮುಂಬಯಿ ಪ್ರಾಂತದ್ದಾಗಿತ್ತು. ಒಂದೇ ನುಡಿಯನ್ನಾಡುವ ಜನರ ನಡುವಿನ ಆ ಗೋಡೆಯು 1956ರ ನವೆಂಬರ 1ರಂದು ಅಳಿಯಿತು. ಆದರೆ ನಮ್ಮ ಮಕ್ಕಳ ವಿದ್ಯೆಗೂ ನಮ್ಮ ನೆಲದ ದುಡಿಮೆಗೂ ನಡುವೆ ನಿಂತಿರುವ ಗೋಡೆಯು ಇನ್ನೂ ಅಳಿದಿಲ್ಲ.

ತಳಕಲ್ಲಿಗೆ ಇಂದು ಏನು ಕಡಿಮೆಯಾಗಿದೆ? ಅಲ್ಲಿ ಸರಕಾರಿ ಇಂಜಿನಿಯರಿಂಗ ಕಾಲೇಜಿದೆ. ಅಲ್ಲಿಂದ ಕವಲೊಡೆದ ಹೊಸ ರೈಲು ಹಾದಿಯು 2025ರಲ್ಲಿ ಕುಷ್ಟಗಿಯನ್ನು ಮುಟ್ಟಿತು. ನೆರೆಯ ಭಾನಾಪುರದಲ್ಲಿ ಆಟಿಕೆಗಳನ್ನು ತಯಾರಿಸುವ ಔದ್ಯೋಗಿಕ ಪ್ರದೇಶಕ್ಕೆ 2021ರಲ್ಲಿ ಅಡಿಗಲ್ಲನ್ನಿಟ್ಟರು. ಕೊಪ್ಪಳದ ಮೂಡಲಿಗೆ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರರ ಕಾರ್ಖಾನೆಯು ಕಬ್ಬಿಣವನ್ನು ಕರಗಿಸಿ ಟ್ರಾಕ್ಟರಿನ ಎಂಜಿನ್ನುಗಳಿಗೆ ಬೇಕಾದ ಎರಕಗಳನ್ನು ಹೊಯ್ಯುತ್ತದೆ. ಹೀಗಿದ್ದೂ ರಾಜ್ಯದ ಅನೇಕ ಕಾಲೇಜುಗಳಲ್ಲಿ ಯಂತ್ರವಿದ್ಯೆಯ ಸ್ಥಾನಗಳು ಬರಿದಾಗಿ ಉಳಿಯುತ್ತಿವೆ. ತರುಣರೆಲ್ಲರೂ ಗಣಕವಿದ್ಯೆಯೊಂದಕ್ಕೇ ಮುಗಿಬೀಳುತ್ತಿದ್ದಾರೆ. ಗಣಕವಿದ್ಯೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಹೊಲ ಕೊಟ್ಟವರು ನಮ್ಮವರು, ಹೊಗೆ ಧೂಳುಗಳನ್ನು ಉಣ್ಣುವವರು ನಮ್ಮವರು. ಕಾರ್ಖಾನೆಯ ಬಾಗಿಲು ಕಾಯುವ ಕೆಲಸವೊಂದೇ ನಮ್ಮ ಮಕ್ಕಳ ಪಾಲಿಗೆ ಬರುವುದಾದರೆ ಅದು ಎಲ್ಲಿಯ ನ್ಯಾಯ?

ಯಂತ್ರವಿದ್ಯೆಯೆಂದರೆ ಮೈಗೆ ಎಣ್ಣೆ ಮೆತ್ತಿಕೊಳ್ಳುವ ಕೆಲಸವೆಂದು ಮೂಗು ಮುರಿಯುವವರುಂಟು. ಅವರು ಎರಕದ ಮನೆಯನ್ನು ನೋಡಲಿ. ಅಚ್ಚಿನ ಮರಳಿನಲ್ಲಿ ತೇವವು ಮಿತಿಮೀರಿದರೆ, ಕರಗಿದ ಕಬ್ಬಿಣವನ್ನು ಹೊಯ್ದೊಡನೆ ಆ ನೀರು ಆವಿಯಾಗಿ ಲೋಹದೊಳಗೆ ಗುಳ್ಳೆಗಳನ್ನು ಉಳಿಸುತ್ತದೆ. ಹೊರಗೆ ನಯವಾಗಿ ತೋರುವ ಎರಕವು ಒಳಗೆ ಪೊಳ್ಳಾಗುತ್ತದೆ. ಈ ದೋಷದ ಮೂಲವನ್ನು ಕಂಡುಹಿಡಿಯುವುದಕ್ಕೆ ಶಾಸ್ತ್ರವೂ ಬೇಕು, ಕೈಯ ಪಳಕೆಯೂ ಬೇಕು. ಆಟಿಕೆಯ ಮಾತೂ ಅಷ್ಟೇ. ಒಂದು ಉಕ್ಕಿನ ಅಚ್ಚಿನಿಂದ ಲಕ್ಷಗಟ್ಟಲೆ ಗೊಂಬೆಗಳು ಇಳಿಯುತ್ತವೆ. ಯಂತ್ರದ ಗುಂಡಿಯನ್ನು ಒತ್ತುವವರಿಗೆ ದಿನಗೂಲಿ ಸಿಕ್ಕೀತು. ಅಚ್ಚನ್ನು ಕೂದಲೆಳೆಯಷ್ಟೂ ತಪ್ಪದಂತೆ ಕಡೆಯಬಲ್ಲವರಿಗೆ ಕಸುಬಿನ ಒಡೆತನವೇ ಸಿಕ್ಕುವುದು. ತಳಕಲ್ಲಿಗೆ ಸಮೀಪದ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿ, ಅದರ ಕಂಬಗಳನ್ನು ಕನ್ನಡಿಯಂತೆ ನುಣುಪುಗೊಳಿಸಿದ ಜನರ ನೆಲದಲ್ಲಿ ಈ ಒಡೆತನವು ಅಸಾಧ್ಯವೆನ್ನುವವರಾರು? ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಇದು ಸಮಾನವಾಗಿ ತೆರೆದ ಹಾದಿ.

ಈ ಹಾದಿಗೆ ಅಡ್ಡಬಂದಿರುವುದು ಭಾಷೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಹಳ್ಳಿಯ ಮಗುವು ಕಾಲೇಜಿನಲ್ಲಿ ಯಂತ್ರಕ್ಕಿಂತ ಮೊದಲು ಇಂಗ್ಲೀಷಿಗೆ ಅಂಜುತ್ತದೆ. ದೇಶಭಾಷೆಯಲ್ಲಿ ಇಂಜಿನಿಯರಿಂಗ ಕಲಿಸಲಾಗದೆಂದು ಹೇಳುವವರು ನಮ್ಮ ಪ್ರಾಂತದ ಇತಿಹಾಸವನ್ನೇ ಮರೆತಿದ್ದಾರೆ. ಇದೇ ತಳಕಲ್ಲು ಯಾವ ಸಂಸ್ಥಾನದಲ್ಲಿತ್ತೋ ಆ ಸಂಸ್ಥಾನದ ರಾಜಧಾನಿಯಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಾಸ್ತ್ರಗಳನ್ನೆಲ್ಲ ಉರ್ದುವಿನಲ್ಲಿ ಬೋಧಿಸಿತು. 1929ರಲ್ಲಿ ಇಂಜಿನಿಯರಿಂಗ ಕಾಲೇಜನ್ನೂ ತೆರೆಯಿತು. ಅರಸನ ಮನಸ್ಸಿನಿಂದ ಉರ್ದುವಿಗೆ ಸಾಧ್ಯವಾದುದು ಪ್ರಜೆಗಳ ಮನಸ್ಸಿನಿಂದ ಕನ್ನಡಕ್ಕೇಕೆ ಆಗದು? 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಲಿಯೇ ಕನ್ನಡದಲ್ಲಿ ಇಂಜಿನಿಯರಿಂಗ ಬೋಧನೆಗೆ ಅನುಮತಿ ಕೊಟ್ಟಿದೆ. ಲೇತು, ಗೇರು, ಬೇರಿಂಗುಗಳೆಂಬ ಶಬ್ದಗಳನ್ನು ನಮ್ಮ ಕೆಲಸಗಾರರು ಎಂದೋ ಕನ್ನಡದವನ್ನಾಗಿ ಮಾಡಿಕೊಂಡಿದ್ದಾರೆ, ಶಬ್ದಗಳಿಗಾಗಿ ಹೆದರಬೇಕಾದುದಿಲ್ಲ. ಇಂಗ್ಲೀಷನ್ನು ಕಲಿಯಬೇಕು, ನಿಜ. ಆದರೆ ವಿಷಯವು ಮೊದಲು ತಾಯ್ನುಡಿಯಲ್ಲಿ ಮನಸ್ಸಿಗೆ ಹತ್ತಬೇಕು.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ತಳಕಲ್ಲಿನಂಥ ಕಾಲೇಜುಗಳಲ್ಲಿ ಯಂತ್ರವಿದ್ಯೆಗೆ ಅಗ್ರಸ್ಥಾನ ಸಲ್ಲಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ಕನಿಷ್ಠ ಆರು ತಿಂಗಳು ನೆರೆಯ ಕಾರ್ಖಾನೆಗಳಲ್ಲಿ ಸಂಬಳದೊಡನೆ ಕೆಲಸ ಕಲಿಯುವ ಏರ್ಪಾಡಾಗಬೇಕು. ಜಿಲ್ಲೆಯ ನೆಲ ಜಲಗಳನ್ನು ಬಳಸುವ ಕಾರ್ಖಾನೆಗಳು ಇದನ್ನು ಔದಾರ್ಯವೆಂದಲ್ಲ, ಋಣವೆಂದು ಭಾವಿಸತಕ್ಕದ್ದು. ಪಾಠಗಳನ್ನು ಕನ್ನಡದಲ್ಲಿಯೂ ವಿವರಿಸಬಲ್ಲ ಅಧ್ಯಾಪಕರನ್ನು ನೇಮಿಸಬೇಕು. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 371-ಜೆ ವಿಧಿಯು ಈ ಭಾಗದ ಮಕ್ಕಳಿಗೆ ಕಾಲೇಜಿನ ಬಾಗಿಲನ್ನು ತೆರೆದಿದೆ. ಆದರೆ ವಿಧಿಯು ಸ್ಥಾನವನ್ನು ಕೊಡಬಲ್ಲದು, ಕೌಶಲವನ್ನು ಕೊಡಲಾರದು.

ತಂದೆತಾಯಿಗಳೇ, ಮಕ್ಕಳನ್ನು ಕೇವಲ ದೂರದ ಬೆಂಗಳೂರಿಗಾಗಿ ಬೆಳೆಸಬೇಡಿರಿ. ತರುಣರೇ, ನಿಮ್ಮ ಊರಿನ ಅಂಚಿನಲ್ಲಿ ಏಳುತ್ತಿರುವ ಕಾರ್ಖಾನೆಗಳಿಗೆ ಆಳುಗಳಾಗಿ ಅಲ್ಲ, ಅವುಗಳನ್ನು ನಡೆಸಬಲ್ಲವರಾಗಿ ಕಾಲಿಡಿರಿ. ಕನ್ನಡ ನುಡಿಯೂ ಕನ್ನಡಿಗರ ದುಡಿಮೆಯೂ ಒಂದೇ ಕುಲುಮೆಯಲ್ಲಿ ಬೆಸೆದ ದಿನವೇ ಕರ್ನಾಟಕದ ಏಕೀಕರಣವು ಪೂರ್ಣವಾದೀತು.