ಗಾಜಿನ ಚೆಂಡಿಗೆ ಅಂಟಿದ ಕಾಗೆಬಂಗಾರ

ಡಿಸೆಂಬರ್ ಹತ್ತಿರ ಬಂದಂತೆ ಮೊಬೈಲಿನಲ್ಲಿ ಒಂದೇ ಬಗೆಯ ವಿಡಿಯೊಗಳು ಸಾಲುಗಟ್ಟುತ್ತವೆ. ಅಮೆರಿಕದ ಯಾವುದೋ ಊರಿನ ಅಡುಗೆಮನೆ. ಮೇಜಿನ ಮೇಲೆ ಹಳೆಯ ಪೇಪರ್ ಹಾಸಿದೆ. ಅದರ ಮೇಲೆ ಆರೆಂಟು ಖಾಲಿ ಗಾಜಿನ ಚೆಂಡುಗಳು, ಪಕ್ಕದಲ್ಲಿ ಬಣ್ಣದ ಪುಡಿಯ ಪುಟ್ಟ ಡಬ್ಬಿಗಳು. ಚೆಂಡಿನ ತಲೆಯ ಮೇಲಿನ ತಗಡಿನ ಟೋಪಿ ತೆಗೆಯುತ್ತಾರೆ. ಒಳಗೆ ಒಂದು ಚಮಚ ನೆಲಕ್ಕೆ ಹಾಕುವ ಪಾರದರ್ಶಕ ಪಾಲಿಶ್ ಸುರಿದು, ಒಳಗೋಡೆಗೆಲ್ಲ ತಾಗುವಂತೆ ನಿಧಾನವಾಗಿ ತಿರುಗಿಸುತ್ತಾರೆ. ಉಳಿದದ್ದನ್ನು ಬಗ್ಗಿಸಿ ಬಸಿದು, ಪೇಪರನ್ನು ಕೊಳವೆ ಮಾಡಿ ಅದರ ಮೂಲಕ ಗ್ಲಿಟರ್ ಇಳಿಸಿ ಚೆಂಡನ್ನು ಅಲ್ಲಾಡಿಸುತ್ತಾರೆ. ಕಣ್ಣೆದುರೇ ಖಾಲಿ ಗಾಜು ಚಿನ್ನವಾಗುತ್ತದೆ, ನೀಲಿಯಾಗುತ್ತದೆ, ನವಿಲುಗರಿಯಾಗುತ್ತದೆ. ಟೋಪಿ ಹಾಕಿ ದಾರ ಕಟ್ಟಿದರೆ ಕ್ರಿಸ್‌ಮಸ್ ಮರಕ್ಕೆ ತೂಗುಹಾಕಲು ಸಿದ್ಧ.

ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯದು. ಅದರಲ್ಲೂ ಸೂಕ್ಷ್ಮಗಳಿವೆ. ಪಾಲಿಶ್ ಸರಿಯಾಗಿ ಬಸಿಯದಿದ್ದರೆ ಬೆಳಗಾಗುವುದರೊಳಗೆ ಮಿನುಗೆಲ್ಲ ಜಾರಿ ತಳದಲ್ಲಿ ಕೆಸರಾಗಿ ಕೂತಿರುತ್ತದೆ. ತೀರಾ ನಯವಾದ ಪುಡಿಯಾದರೆ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು. ಮಕ್ಕಳು, ಅಜ್ಜಿಯರು, ಮೊಮ್ಮಕ್ಕಳು ಒಟ್ಟಿಗೆ ಕೂತು ಮಾಡುವ ಕೆಲಸ ಇದು. ಅಂಗಡಿಯಿಂದ ತಂದು ನೇತುಹಾಕುವುದಕ್ಕಿಂತ ಇದು ಸಾವಿರ ಪಾಲು ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನನ್ನ ತಕರಾರು ಒಂದೇ ಮಾತಿನ ಮೇಲೆ. ವಿಡಿಯೊದ ಕೊನೆಯಲ್ಲಿ ಚೆಂಡನ್ನು ಎತ್ತಿ ಹಿಡಿದು, 'ಪೂರ್ತಿ ನಮ್ಮ ಕೈಯಲ್ಲೇ ಮಾಡಿದ್ದು' ಎನ್ನುತ್ತಾರಲ್ಲ, ಅದರ ಮೇಲೆ. ಆ ಚೆಂಡಿಗೆ ಇನ್ನೂ ಕೆಲವು ಕೈಗಳು ತಾಗಿವೆ. ಅವುಗಳಲ್ಲಿ ಕೆಲವು ನಮ್ಮ ದೇಶದ ಕೈಗಳು. ಕೆಲವು ತೀರಾ ಪುಟ್ಟ ಕೈಗಳು.

ಮೊದಲು ಗಾಜಿನ ಕಥೆ ನೋಡೋಣ. ಮರಕ್ಕೆ ತೂಗುವ ಗಾಜಿನ ಚೆಂಡು ಹೆಸರು ಮಾಡಿದ್ದು ಜರ್ಮನಿಯ ತುರಿಂಗಿಯಾ ಪ್ರಾಂತ್ಯದ ಲೌಶಾ ಎಂಬ ಗುಡ್ಡಗಾಡಿನ ಊರಿನಿಂದ. 19ನೇ ಶತಮಾನದ ನಡುಭಾಗದಲ್ಲಿ ಅಲ್ಲಿನ ಗಾಜು ಊದುವ ಕುಟುಂಬಗಳು ಇದನ್ನು ಮನೆಗಳಲ್ಲೇ ಮಾಡುತ್ತಿದ್ದವು. ಗಂಡಸರು ಗಾಜು ಊದಿದರೆ, ಹೆಂಗಸರು ಚೆಂಡಿನೊಳಗೆ ಬೆಳ್ಳಿ ನೈಟ್ರೇಟ್ ದ್ರಾವಣ ಹಾಕಿ ಕುಲುಕಿ ಒಳಗೋಡೆಯನ್ನು ಕನ್ನಡಿ ಮಾಡುತ್ತಿದ್ದರು. ಮಕ್ಕಳು ಟೋಪಿ ತೊಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಹೊರಗೆ ನುಣುಪು, ಒಳಗೆ ಹೊಳಪು. ಇಂದು ಅಡುಗೆಮನೆಯಲ್ಲಿ ಪಾಲಿಶ್ ಮತ್ತು ಗ್ಲಿಟರ್ ಹಾಕಿ ಮಾಡುವುದು ಅದೇ ಉಪಾಯದ ಮೊಮ್ಮಗು. 1880ರಲ್ಲಿ ಅಮೆರಿಕದ ವ್ಯಾಪಾರಿ ಎಫ್. ಡಬ್ಲ್ಯೂ. ವೂಲ್‌ವರ್ತ್ ಇವುಗಳನ್ನು ಅರೆಮನಸ್ಸಿನಿಂದಲೇ ತರಿಸಿ ಅಂಗಡಿಯಲ್ಲಿಟ್ಟರು. ಇಟ್ಟದ್ದೇ ತಡ, ಎಲ್ಲ ಖರ್ಚಾಗಿ ಹೋದವು.

ಎರಡನೇ ಮಹಾಯುದ್ಧ ಶುರುವಾದ ಮೇಲೆ ಜರ್ಮನಿಯ ಚೆಂಡುಗಳು ಅಮೆರಿಕಕ್ಕೆ ಬರುವುದು ನಿಂತಿತು. ವಿದ್ಯುತ್ ಬಲ್ಬಿನ ಬುರುಡೆ ಮಾಡುವ ಯಂತ್ರದಲ್ಲೇ ಕಾರ್ನಿಂಗ್ ಕಂಪನಿ ಚೆಂಡುಗಳನ್ನು ತಯಾರಿಸಿತು. ಮ್ಯಾಕ್ಸ್ ಎಕಾರ್ಟ್ ಎಂಬ ಉದ್ಯಮಿ ಅವಕ್ಕೆ ಬಣ್ಣ ಬಳಿದು 'ಶೈನಿ ಬ್ರೈಟ್' ಹೆಸರಿನಲ್ಲಿ ಮಾರಿದರು. ಯುದ್ಧದಿಂದಾಗಿ ಒಳಗೆ ಬಳಿಯಲು ಬೆಳ್ಳಿ ಸಿಗದಾದಾಗ ಬರಿಯ ಗಾಜಿನ ಮೇಲೆ ಒಂದೆರಡು ಬಣ್ಣದ ಗೆರೆ ಎಳೆದು ಬಿಟ್ಟರು. ಲೋಹದ ಟೋಪಿಯೂ ಹೋಗಿ ಕಾಗದದ ಟೋಪಿ ಬಂತು. ಇಂದು ಅಂಥ ಬರಿಗಾಜಿನ ಚೆಂಡುಗಳನ್ನು ಹಳೆಯ ವಸ್ತು ಸಂಗ್ರಹಿಸುವವರು ಹುಡುಕಿಕೊಂಡು ಹೋಗುತ್ತಾರೆ. ಅಂದರೆ ಗಾಜಿಗೆ ಊರಿದೆ, ಹೆಸರಿದೆ, ಚರಿತ್ರೆಯಿದೆ.

ಪುಡಿಗೆ? ಪುಡಿಗೆ ಬರೀ ಬಣ್ಣದ ಹೆಸರು.

ಈ ಕೆಲಸಕ್ಕೆ ಬಳಸುವ ಮಿನುಗು ಮುಖ್ಯವಾಗಿ ಎರಡು ಬಗೆ. ಒಂದು, ಪ್ಲಾಸ್ಟಿಕ್ ಗ್ಲಿಟರ್. ತೆಳುವಾದ ಪಾಲಿಯೆಸ್ಟರ್ ಹಾಳೆಗೆ ಅಲ್ಯೂಮಿನಿಯಂ ಲೇಪಿಸಿ, ಬಣ್ಣ ಕೊಟ್ಟು, ಕಣ್ಣಿಗೆ ಕಾಣುವಷ್ಟು ಸಣ್ಣ ಚೂರು ಮಾಡಿದ್ದು. ಒಮ್ಮೆ ನೆಲಕ್ಕೆ ಚೆಲ್ಲಿದರೆ ಮುಂದಿನ ಕ್ರಿಸ್‌ಮಸ್‌ವರೆಗೂ ಮನೆಯಲ್ಲಿ ಸಿಗುತ್ತಲೇ ಇರುತ್ತದೆ. ನೀರಿಗೆ ಹೋದರೆ ಕರಗುವುದಿಲ್ಲ, ಮೈಕ್ರೊಪ್ಲಾಸ್ಟಿಕ್ ಆಗಿ ಉಳಿಯುತ್ತದೆ. ಅದಕ್ಕೇ ಐರೋಪ್ಯ ಒಕ್ಕೂಟದ ನಿಯಮವೊಂದು 2023ರ ಅಕ್ಟೋಬರ್ 17ರಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟಕ್ಕೆ ಕಡಿವಾಣ ಹಾಕಿತು. ಹೊರಬಾರದಂತೆ ಮುಚ್ಚಿಟ್ಟ ಕಣಗಳಿಗೆ ಅದರಲ್ಲಿ ವಿನಾಯಿತಿ ಇದೆ. ಗಾಜು, ಲೋಹ, ಖನಿಜದ ಮಿನುಗಿಗೆ ಆ ನಿಯಮ ಅನ್ವಯಿಸುವುದೇ ಇಲ್ಲ.

ಎರಡನೆಯದು ಇದೇ ಖನಿಜದ ಮಿನುಗು, ಅಂದರೆ ಅಭ್ರಕದ ಪುಡಿ. ನಮ್ಮ ಹಳ್ಳಿಗಳಲ್ಲಿ ಇದನ್ನು ಕಾಗೆಬಂಗಾರ ಎನ್ನುತ್ತಾರೆ. ಹೊಲದಲ್ಲಿ ಹೊಳೆಯುವ ಕಲ್ಲುಚೂರು ಕಂಡು ಬಂಗಾರವೆಂದು ಜೇಬಿಗೆ ಹಾಕಿಕೊಂಡ ನೆನಪು ಅನೇಕರಿಗೆ ಇರಬಹುದು. ಅಭ್ರಕ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಆ ಪದರಗಳನ್ನು ನುಣ್ಣಗೆ ಅರೆದು ಮೇಲೆ ಟೈಟಾನಿಯಂ ಡೈಆಕ್ಸೈಡಿನ ತೆಳು ಲೇಪ ಕೊಟ್ಟರೆ ಮುತ್ತಿನ ಹೊಳಪು ಬರುತ್ತದೆ. ಲೇಪದ ದಪ್ಪ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಕಬ್ಬಿಣದ ಆಕ್ಸೈಡ್ ಲೇಪಿಸಿದರೆ ಕಂಚು, ತಾಮ್ರದ ಛಾಯೆ. ಇದೇ ಪುಡಿ ಲಿಪ್‌ಸ್ಟಿಕ್ಕಿನಲ್ಲಿದೆ, ಕಣ್ಣಿನ ಮೇಕಪ್ಪಿನಲ್ಲಿದೆ, ಕಾರಿನ ಬಣ್ಣದಲ್ಲಿದೆ. ಆದ್ದರಿಂದ ಮುಂದೆ ಹೇಳುವುದು ಅಮೆರಿಕದ ಅಡುಗೆಮನೆಗೆ ಮಾತ್ರ ಸಂಬಂಧಿಸಿದ್ದಲ್ಲ.

ಈ ಅಭ್ರಕದ ದೊಡ್ಡ ಪಾಲು ಬರುವುದು ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಮತ್ತು ಬಿಹಾರದ ನವಾದಾ ಜಿಲ್ಲೆಗಳ ಕಾಡಂಚಿನಿಂದ. ಬ್ರಿಟಿಷರ ಕಾಲದಲ್ಲಿ ವಿದ್ಯುತ್ ಉಪಕರಣಗಳಿಗಾಗಿ ಇಲ್ಲಿಂದ ಹಡಗುಗಟ್ಟಲೆ ಅಭ್ರಕ ಹೋಗುತ್ತಿತ್ತು. ಸ್ವಾತಂತ್ರ್ಯಾನಂತರ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನೊಳಗಿನ ಗಣಿಗಳ ಗುತ್ತಿಗೆ ಮುಂದುವರಿಯುವುದು ಕಷ್ಟವಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೂ ಹೋಯಿತು. ಗಣಿಗಳು ಮುಚ್ಚಿದವು, ಗಣಿ ಕೆಲಸಗಾರರ ಊರುಗಳು ಉಳಿದವು. ಆ ಊರುಗಳ ಜನ ಹಳೆಯ ಗಣಿಗಳ ಕಸದ ದಿಬ್ಬಗಳನ್ನು ಕೆದಕಲು ಶುರುಮಾಡಿದರು. ಹೀಗೆ ಆಯುವ ಅಭ್ರಕದ ಚೂರಿಗೆ ಅಲ್ಲಿ ಢಿಬರಾ ಎನ್ನುತ್ತಾರೆ. ದಿಬ್ಬ ಮುಗಿದಲ್ಲಿ ಇಲಿಬಿಲದಂಥ ಸುರಂಗ ಕೊರೆದು ಒಳಗೆ ಇಳಿಯುತ್ತಾರೆ. ಬಿಲ ಕಿರಿದು, ದೊಡ್ಡವರಿಗೆ ಕಷ್ಟ, ಮಕ್ಕಳಿಗೆ ಸುಲಭ. ಮಣ್ಣು ಸಡಿಲವಾದರೆ ಕುಸಿಯುತ್ತದೆ. ಕಲ್ಲುದೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಅಡುಗೆಮನೆಯ ಮೇಜಿನ ಮುಂದೆ ಮಾಸ್ಕ್ ಕಟ್ಟಿಕೊಳ್ಳಿ ಎಂಬ ಎಚ್ಚರಿಕೆ ಇದೆಯಲ್ಲ, ಅದನ್ನು ಇಲ್ಲಿ ಹೇಳುವವರಿಲ್ಲ.

2016ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ನಿನ ತನಿಖಾ ವರದಿ ಈ ಬಿಲಗಳಲ್ಲಿ ಮಕ್ಕಳು ಸತ್ತದ್ದನ್ನೂ ಆ ಸಾವುಗಳನ್ನು ಮುಚ್ಚಿಟ್ಟದ್ದನ್ನೂ ಹೊರಗೆ ತಂದಿತು. ಮುಚ್ಚಿಡಲು ಕಾರಣ ಸರಳ. ಗಣಿಗಾರಿಕೆಯೇ ಅಕ್ರಮ. ದೂರು ಕೊಟ್ಟರೆ ಹೋದ ಮಗು ಬರುವುದಿಲ್ಲ, ಇರುವ ಕೂಲಿಯೂ ಹೋಗುತ್ತದೆ. ಇಡೀ ದಿನ ಆಯ್ದ ಢಿಬರಾಕ್ಕೆ ಕಿಲೊಗೆ ಕೆಲವೇ ರೂಪಾಯಿ. ಅದು ಏಜೆಂಟನ ಕೈದಾಟಿ, ಕಾರ್ಖಾನೆ ದಾಟಿ, ಕೋಲ್ಕತ್ತ ಬಂದರು ದಾಟಿ, ಹೊರದೇಶದಲ್ಲಿ ಬಣ್ಣ ಲೇಪಿಸಿಕೊಂಡು ಪುಟ್ಟ ಡಬ್ಬಿಗೆ ಬೀಳುವಾಗ ಬೆಲೆಯನ್ನು ಗ್ರಾಮಿನಲ್ಲಿ ಲೆಕ್ಕ ಹಾಕುತ್ತಾರೆ.

ಇಷ್ಟು ಓದಿದವರು ಸಾಮಾನ್ಯವಾಗಿ ಹೇಳುವ ಮಾತು, 'ಹಾಗಾದರೆ ನಾನು ಅಭ್ರಕ ಕೊಳ್ಳುವುದೇ ಇಲ್ಲ.' ಕೆಲವು ಕಂಪನಿಗಳೂ ಇದೇ ದಾರಿ ಹಿಡಿದಿವೆ. ಪ್ರಯೋಗಾಲಯದಲ್ಲಿ ತಯಾರಿಸಿದ ಕೃತಕ ಅಭ್ರಕಕ್ಕೆ ಬದಲಾಗಿವೆ. ಅದು ಹೆಚ್ಚು ಶುಭ್ರ, ಹೊಳಪೂ ಹೆಚ್ಚು. ಕೊಳ್ಳುವವರ ಮನಸ್ಸಿಗೂ ನೆಮ್ಮದಿ.

ನನಗೆ ಈ ನೆಮ್ಮದಿಯ ಬಗ್ಗೆಯೇ ಅನುಮಾನ. ಅಮೆರಿಕದ ಅಡುಗೆಮನೆಯಲ್ಲಿ ಕೈ ತೊಳೆದುಕೊಂಡ ಮಾತ್ರಕ್ಕೆ ಗಿರಿಡೀಹ್‌ನ ಮಗು ಶಾಲೆಗೆ ಹೋಗುವುದಿಲ್ಲ. ಮಳೆಯನ್ನೇ ನಂಬಿದ ಒಂದು ಬೆಳೆ ಬಿಟ್ಟರೆ ಅಲ್ಲಿನ ಅನೇಕ ಮನೆಗಳಿಗೆ ಢಿಬರಾ ಒಂದೇ ನಗದು ಆದಾಯ. ಗಿರಾಕಿ ಹೋದರೆ ಮೊದಲು ಕುಸಿಯುವುದು ಆಯುವವರ ಬೆಲೆ, ಏಜೆಂಟನ ಲಾಭವಲ್ಲ. ಬೆಲೆ ಕುಸಿದರೆ ಅದೇ ದುಡ್ಡಿಗೆ ಇನ್ನಷ್ಟು ಆಯಬೇಕು. ಇನ್ನಷ್ಟು ಆಯಲು ಇನ್ನಷ್ಟು ಕೈ ಬೇಕು. ಮನೆಯಲ್ಲಿ ಉಳಿದ ಕೈ ಮಕ್ಕಳದ್ದೇ. ಬಹಿಷ್ಕಾರ ಮಾಡಿದವರು ಒಳ್ಳೆಯವರಾಗುತ್ತಾರೆ, ಬಿಲ ಹಾಗೇ ಇರುತ್ತದೆ. ಇನ್ನೊಂದು ಕಡೆ, ಪ್ಲಾಸ್ಟಿಕ್ ಗ್ಲಿಟರ್ ಮೇಲಿನ ನಿರ್ಬಂಧ ಹೆಚ್ಚಿದಂತೆ ಅಭ್ರಕಕ್ಕೆ ಬೇಡಿಕೆ ಏರಬಹುದು. ಸಮುದ್ರ ಉಳಿಸಲು ಮಾಡಿದ ಕಾನೂನಿನ ಭಾರ ಕಾಡಿನ ಮಕ್ಕಳ ಬೆನ್ನಿಗೆ ಬೀಳಬಾರದು.

ಆಗಬೇಕಾದದ್ದು ಬಹಿಷ್ಕಾರವಲ್ಲ, ಬೆಳಕು. ಢಿಬರಾ ಆಯುವುದನ್ನು ಕಾನೂನಿನ ಚೌಕಟ್ಟಿಗೆ ತರಬೇಕು. ಆಯುವವರ ಸಹಕಾರ ಸಂಘಗಳಾಗಬೇಕು, ಕನಿಷ್ಠ ಬೆಲೆ ಇರಬೇಕು, ತೂಕ ಹಾಕುವಲ್ಲಿ ರಸೀದಿ ಸಿಗಬೇಕು. ವಯಸ್ಕರಿಗೆ ಸರಿಯಾದ ಕೂಲಿ ಸಿಕ್ಕರೆ ಮಕ್ಕಳನ್ನು ಬಿಲಕ್ಕೆ ಇಳಿಸುವ ಅಪ್ಪ ಅಮ್ಮ ಯಾರೂ ಇರುವುದಿಲ್ಲ. ಅಕ್ರಮ ಎಂದು ಕಣ್ಣುಮುಚ್ಚಿಕೊಂಡ ದಂಧೆಯಲ್ಲಿ ಸುರಕ್ಷತೆಯ ನಿಯಮ ಹೇಗೆ ತಾನೇ ಜಾರಿಯಾದೀತು? ಅಭ್ರಕ ಕೊಳ್ಳುವ ಕಂಪನಿಗಳು ಮತ್ತು ಸಂಸ್ಥೆಗಳು ಸೇರಿ 2017ರಲ್ಲಿ ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಎಂಬ ಕೂಟ ಕಟ್ಟಿಕೊಂಡು ಹಳ್ಳಿಗಳಲ್ಲಿ ಕೆಲಸ ಮಾಡುತ್ತಿವೆ. ಒಳ್ಳೆಯದೇ. ಆದರೆ ಕಾನೂನು ಮಾಡಬೇಕಾದ ಕೆಲಸವನ್ನು ಕಂಪನಿಗಳ ಕೂಟ ಮಾಡಲಾರದು.

ನಮ್ಮ ಸರ್ಕಾರಗಳ ಆಸಕ್ತಿ ಬೇರೆಡೆ ಇದೆ. 2015ರಲ್ಲಿ ಅಭ್ರಕವನ್ನು ಉಪಖನಿಜಗಳ ಪಟ್ಟಿಗೆ ಸೇರಿಸಿ ರಾಜ್ಯಗಳಿಗೆ ಬಿಟ್ಟ ಕೇಂದ್ರ, 2025ರ ಫೆಬ್ರವರಿಯಲ್ಲಿ ಮತ್ತೆ ಪ್ರಮುಖ ಖನಿಜ ಎಂದಿತು. ಕಾರಣ, ಅಭ್ರಕ ಸಿಗುವ ಬಂಡೆಗಳಲ್ಲೇ ಲಿಥಿಯಂನಂಥ ಬೆಲೆಬಾಳುವ ಖನಿಜಗಳು ಇರುತ್ತವೆ. ಬ್ಯಾಟರಿಗೆ ಬೇಕಾದದ್ದು ನೆಲದಡಿ ಇದೆ ಎಂದಾಗ ಕಡತ ಓಡುತ್ತದೆ. ಮಗು ನೆಲದಡಿ ಸಿಕ್ಕಿಕೊಂಡಿದೆ ಎಂದಾಗ ಓಡಿದ್ದು ಕಡಿಮೆ.

ಮತ್ತೆ ಲೌಶಾ ನೆನಪಾಗುತ್ತದೆ. ಅಲ್ಲಿಯೂ ಒಂದು ಕಾಲಕ್ಕೆ ಬಡತನ, ಮನೆಮಂದಿಯೆಲ್ಲ ದುಡಿಯಬೇಕಾದ ಸ್ಥಿತಿ, ಮಕ್ಕಳ ಕೈಗಳು. ಇಂದು ಲೌಶಾದ್ದು ಎಂದರೆ ಚೆಂಡಿಗೆ ಬೆಲೆ ಜಾಸ್ತಿ, ಊರಿನ ಹೆಸರೇ ಮುದ್ರೆ. ಕೊಡರ್ಮಾದ ಹೆಸರು ಯಾವ ಡಬ್ಬಿಯ ಮೇಲಿದೆ? ಮೇಕಪ್ ಡಬ್ಬಿ ಇದ್ದರೆ ಒಮ್ಮೆ ಹಿಂದೆ ತಿರುಗಿಸಿ ನೋಡಿ. 'ಮೈಕಾ' ಅಥವಾ 'ಸಿಐ 77019' ಎಂದಿರುತ್ತದೆ. ಬಣ್ಣಕ್ಕೆ ಕೊಟ್ಟ ಅಂತರರಾಷ್ಟ್ರೀಯ ನಂಬರು ಅದು. ಪುಡಿಗೆ ನಂಬರಿದೆ, ಊರಿಲ್ಲ. ಊರಿನ ಹೆಸರನ್ನು ಡಬ್ಬಿಯ ಮೇಲೆ ಹಾಕಲೇಬೇಕು ಎಂಬ ನಿಯಮ ಬಂದರೆ ಅರ್ಧ ಕೆಲಸ ಆದಂತೆ. ಹೆಸರು ಬರೆದ ಮೇಲೆ ಆ ಊರಿನ ಸ್ಥಿತಿ ಏನೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಕೇಳುವ ಕೆಲಸದಲ್ಲಿ ನಮ್ಮ ಪಾಲೂ ಇದೆ. ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೆ ಹಬ್ಬದ ಪುರವಣಿಗೆ ಬೇಕಾದಾಗ ಮಿನುಗಿನ ಲೇಖನ ಬರೆಯುವುದು ಗೊತ್ತು. ಬಿಲ ಕುಸಿದಾಗ ನಾಲ್ಕು ಸಾಲಿನ ಸುದ್ದಿ ಮಾಡುವುದೂ ಗೊತ್ತು. ಎರಡೂ ಒಂದೇ ಪುಡಿಯ ಕಥೆ ಎಂದು ಸೇರಿಸಿ ಬರೆಯುವುದು ಕಡಿಮೆ. ಅಭ್ರಕ ಒಂದು ಉದಾಹರಣೆ ಅಷ್ಟೇ. ನಮ್ಮ ನಮ್ಮ ತಾಲ್ಲೂಕಿನ ಕಲ್ಲು, ಮರಳು, ಎಲೆ, ನಾರು ಎಲ್ಲಿಗೆ ಹೋಗಿ ಏನಾಗುತ್ತದೆ ಎಂದು ಹಿಂಬಾಲಿಸಿದರೆ ಇಂಥದ್ದು ಇನ್ನೆಷ್ಟು ಸಿಗುತ್ತದೋ.

ಗಾಜಿನ ಚೆಂಡು ಮಾಡುವವರು ಮಾಡಲಿ. ಮಕ್ಕಳ ಜೊತೆ ಕೂತು ಮಾಡಲಿ, ಪಾಲಿಶ್ ಚೆನ್ನಾಗಿ ಬಸಿದು ಮಾಡಲಿ. ಪುಡಿ ಅಲ್ಲಾಡಿಸುವಾಗ 'ಇದು ಎಲ್ಲಿಂದ ಬಂತು?' ಎಂದು ಯಾವುದಾದರೂ ಮಗು ಕೇಳಿದರೆ, 'ಅಂಗಡಿಯಿಂದ' ಎಂದು ಮುಗಿಸದಿದ್ದರೆ ಸಾಕು. ಆ ಮಗುವಿನ ವಯಸ್ಸಿನದೇ ಇನ್ನೊಂದು ಮಗುವಿನ ಊರಿನ ಹೆಸರು ಹೇಳಬೇಕು. ಕೊಡರ್ಮಾ, ಗಿರಿಡೀಹ್. ಉಚ್ಚರಿಸಲು ಲೌಶಾಗಿಂತ ಕಷ್ಟವೇನಲ್ಲ.