ಕೃತಕವೆಂಬ ನಿಂದೆ

ಕತಾರಿನ ರಾಜಧಾನಿ ದೋಹಾದ ನಡುವಣ ಬಿನ್ ಮಹಮೂದ್ ಬಡಾವಣೆಯಲ್ಲಿ ವಾಸಿಸುವ ಕನ್ನಡ ಕುಟುಂಬಗಳು ಅನ್ನಕ್ಕಿಡುವ ನೀರು, ಒಂದು ನದಿಯೂ ಇಲ್ಲದ, ವರ್ಷಕ್ಕೆ ಸುಮಾರು 80 ಮಿಲಿಮೀಟರಿನಷ್ಟೇ ಮಳೆ ಬೀಳುವ ಆ ದೇಶದಲ್ಲಿ, ಲೀಟರಿಗೆ 40 ಗ್ರಾಮಿಗೂ ಮಿಕ್ಕು ಲವಣವನ್ನು ಧರಿಸಿರುವ ಕೊಲ್ಲಿಯ ಜಲವನ್ನು ರಾಸ್ ಅಬು ಫೊಂಟಾಸಿನಂತಹ ಸ್ಥಾವರಗಳಲ್ಲಿ ಕಾಯಿಸಿ, ಆವಿಯನ್ನು ತಣಿಸಿ, ಇಲ್ಲವೆ ಸೂಕ್ಷ್ಮವಾದ ಪೊರೆಗಳ ಮೂಲಕ ಒತ್ತಿ ಹಾಯಿಸಿ, ಶುದ್ಧಿಯ ಭರದಲ್ಲಿ ಕಳೆದುಹೋದ ಖನಿಜಾಂಶವನ್ನು ಮರಳಿ ಬೆರೆಸಿ ಮನುಷ್ಯನೇ ಮಾಡಿಕೊಂಡದ್ದು. ಆಗುಂಬೆಯ 7 ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆಯ ನಾಡಿನಿಂದ ಹೋದವರು ಅದನ್ನು ಕೃತಕ ನೀರೆಂದು ಕರೆದರೆ ದನಿಯಲ್ಲಿ ಕಿಂಚಿತ್ ತಿರಸ್ಕಾರ ಸುಳಿಯುವುದು ಸ್ವಾಭಾವಿಕವೇ. ಆದರೂ ಆ ತಿರಸ್ಕಾರವು ಅನ್ಯಾಯವೆಂದೇ ನಾನು ಬಗೆಯುತ್ತೇನೆ.

ನಾವು ನಿತ್ಯವೂ ಆಡುವ ‘ಆರ್ಟಿಫಿಷಿಯಲ್’ ಎಂಬ ಮಾತು ಲ್ಯಾಟಿನ್ ಭಾಷೆಯಲ್ಲಿ ಕಲೆಯೆಂಬರ್ಥದ ‘ಆರ್ಸ್’, ಮಾಡುವುದೆಂಬರ್ಥದ ‘ಫಾಕೆರೆ’ ಇವೆರಡರಿಂದ ಹುಟ್ಟಿದುದು. ಅದರ ಮೂಲದಲ್ಲಿರುವುದು ಕುಶಲಹಸ್ತದ ರಚನೆಯೆಂಬ ಭಾವವೇ ಹೊರತು ಮೋಸದ ಸೋಂಕಲ್ಲ. ನಮ್ಮ ‘ಕೃತ್ರಿಮ’ದ ಕಥೆಯೂ ಇಂಥದೇ. ಇಂದು ಅದು ಕಪಟಕ್ಕೆ ಪರ್ಯಾಯವಾಗಿ ಕುಳಿತಿದ್ದರೂ, ಮನುಸ್ಮೃತಿಯು ಎಣಿಸುವ ಹನ್ನೆರಡು ಬಗೆಯ ಪುತ್ರರಲ್ಲಿ ಕೃತ್ರಿಮನೂ ಒಬ್ಬನು. ಗುಣವಂತನೆಂದು ಕಂಡು ಮಗನನ್ನಾಗಿ ಮಾಡಿಕೊಂಡ ಅವನು ದಾಯಕ್ಕೆ ಅರ್ಹನಾಗಿದ್ದನು.

ಈ ಮಾತಿನ ಕಹಿಯನ್ನು ಉಂಡ ನಾಡೂ ಕತಾರೇ. 1893ರಲ್ಲಿ ಜಪಾನಿನ ಮಿಕಿಮೊಟೊ ಕೊಕಿಚಿಯು ಚಿಪ್ಪಿನೊಳಗೆ ಬೀಜವನ್ನಿಟ್ಟು ಮುತ್ತನ್ನು ಬೆಳೆಸಿದನು. ಅಂಥ ಮುತ್ತುಗಳು ಕಾಲಕ್ರಮದಲ್ಲಿ ಮಾರುಕಟ್ಟೆಯನ್ನು ತುಂಬಿದುದರಿಂದಲೂ, 1929ರ ತರುವಾಯದ ಜಾಗತಿಕ ಆರ್ಥಿಕ ಕುಸಿತದಿಂದಲೂ, ಮುತ್ತಿಗಾಗಿ ಕಡಲಿಗೆ ಧುಮುಕಿ ಬದುಕುತ್ತಿದ್ದ ಜನರ ಜೀವನೋಪಾಯವು ಮುರಿದುಬಿದ್ದಿತು. ಅವರ ದುಃಖ ನ್ಯಾಯವಾದುದು. ಆದರೆ ಜೀವಂತವಾದ ಚಿಪ್ಪು ತಾನೇ ಪದರಪದರವಾಗಿ ಸುತ್ತಿದ ಆ ಮುತ್ತನ್ನು ಹುಸಿಯೆನ್ನಲಾಗದು. ಹೊಳಪು ಬಳಿದ ಗಾಜಿನ ಮಣಿಯನ್ನು ಮುತ್ತೆಂದು ಮಾರಿದಾಗ ಹುಸಿ ಹುಟ್ಟುತ್ತದೆ, ಆ ಅಪರಾಧವೂ ಮರೆಮಾಚಿದವನದೇ ಸರಿ.

ಬಿನ್ ಮಹಮೂದಿನ ನೀರಿನ ಮೇಲೆ ಹೊರಿಸತಕ್ಕ ಆರೋಪ ಬೇರೆಯೇ ಉಂಟು. ಅದರ ತಯಾರಿಕೆಗಾಗಿ ಉರಿಯುವ ನೈಸರ್ಗಿಕ ಅನಿಲವೆಷ್ಟು, ಸಿಹಿಯನ್ನು ಬೇರ್ಪಡಿಸಿಕೊಂಡ ಮೇಲೆ ಆಳವಿಲ್ಲದ ಆ ಕೊಲ್ಲಿಗೆ ಮರಳಿ ಸುರಿಯುವ, ಮೊದಲಿಗಿಂತಲೂ ಉಪ್ಪಾದ ನೀರೆಷ್ಟು, ಅಲ್ಲಿಯ ಮೀನುಗಳೂ ಹವಳಗಳೂ ಅದನ್ನು ಎಲ್ಲಿಯವರೆಗೆ ತಾಳಿಕೊಂಡಾವು ಎಂದು ಆ ನೀರನ್ನು ಕುಡಿಯುವವರೇ ಕೇಳಬೇಕು.