ಲಕ್ವದ ಆರೈಕೆ: ಆಪ್ ಮನೆಯವರ ಭಾರ ಇಳಿಸಬೇಕು

ಲಕ್ವ ಹೊಡೆದವರು ಆಸ್ಪತ್ರೆಯಲ್ಲಿರುವುದು ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಆಮೇಲಿನ ತಿಂಗಳುಗಳು, ಹಲವರ ಪಾಲಿಗೆ ವರ್ಷಗಳು, ಮನೆಯಲ್ಲೇ ಕಳೆಯುತ್ತವೆ. ಮಗ್ಗುಲು ಬದಲಿಸುವುದು, ಉಣಿಸುವುದು, ಶೌಚಕ್ಕೆ ಎತ್ತಿ ಕೂರಿಸುವುದು, ಬಿಪಿ–ಶುಗರ್ ಮಾತ್ರೆ ತಪ್ಪದಂತೆ ನೋಡುವುದು, ಸೋತ ಕೈಕಾಲಿಗೆ ವ್ಯಾಯಾಮ ಮಾಡಿಸುವುದು ಎಲ್ಲವೂ ಹೆಂಡತಿ, ಸೊಸೆ ಅಥವಾ ಮಗಳ ಹೆಗಲಿಗೆ ಬೀಳುತ್ತವೆ. ಡಿಸ್ಚಾರ್ಜ್ ದಿನ ಅವಸರದಲ್ಲಿ ಹೇಳಿದ ನಾಲ್ಕು ಮಾತು ಬಿಟ್ಟರೆ ಅವರಿಗೆ ಸಿಗುವ ತರಬೇತಿ ಕಡಿಮೆ. ಈ ಕೊರತೆಯನ್ನು ಮೊಬೈಲ್ ಆಪ್‌ಗಳಿಂದ ತುಂಬುವ ಪ್ರಯತ್ನ ದೇಶದಲ್ಲಿ ಸುಮಾರು ಒಂದು ದಶಕದಿಂದ ನಡೆದಿದೆ. ಸುರೇಶ್‌ಕುಮಾರ್ ಕಮಲಕಣ್ಣನ್ ಮತ್ತು ಸಂಗಡಿಗರು ರೂಪಿಸಿ ಚೆನ್ನೈನಲ್ಲಿ ಪ್ರಯೋಗಿಸಿದ ‘ಕೇರ್ ಫಾರ್ ಸ್ಟ್ರೋಕ್’ ಈ ಬಗೆಯ ಮೊದಲಿನವುಗಳಲ್ಲೊಂದು. ಸ್ಮಾರ್ಟ್‌ಫೋನ್ ವಿಡಿಯೊ ನೋಡಿ ಮನೆಯವರೇ ರೋಗಿಗೆ ನೆರವಾಗುವುದು ಅದರ ಕ್ರಮ.

ಕಲಿಸಿದರೆ ಸಾಕು, ರೋಗಿ ಚೇತರಿಸಿಕೊಳ್ಳುತ್ತಾನೆ ಎಂಬ ನಂಬಿಕೆ ಇಂಥ ಆಪ್‌ಗಳ ಹಿಂದಿದೆ. ಈ ನಂಬಿಕೆಗೆ ದೊಡ್ಡ ಪರೀಕ್ಷೆ ಒಡ್ಡಿದ್ದು ‘ಅಟೆಂಡ್’ ಅಧ್ಯಯನ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳನ್ನು ಒಳಗೊಂಡ ಇದರ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಮನೆಯವರಿಗೆ ಆರೈಕೆ, ವ್ಯಾಯಾಮದ ತರಬೇತಿ ಕೊಡಲಾಯಿತು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ಆರು ತಿಂಗಳಾದ ಮೇಲೆ ಎರಡೂ ಗುಂಪುಗಳಲ್ಲಿ ಶೇ 47ರಷ್ಟು ಮಂದಿ ಮೃತಪಟ್ಟಿದ್ದರು ಅಥವಾ ಪರಾವಲಂಬಿಗಳಾಗಿಯೇ ಉಳಿದಿದ್ದರು. 2023ರಲ್ಲಿ ಪ್ರಕಟವಾದ ‘ಸ್ಪ್ರಿಂಟ್ ಇಂಡಿಯಾ’ 31 ಕೇಂದ್ರಗಳ 4,298 ರೋಗಿಗಳಿಗೆ ಸಂಬಂಧಿಸಿದ್ದು. ಎಸ್‌ಎಂಎಸ್, ವಿಡಿಯೊ, ಕೈಪಿಡಿ ಪಡೆದ ಗುಂಪಿನಲ್ಲಿ ಬೀಡಿ, ಕುಡಿತ ಬಿಟ್ಟವರು, ಮಾತ್ರೆ ಸರಿಯಾಗಿ ನುಂಗಿದವರು ತುಸು ಹೆಚ್ಚಿದ್ದರು. ಆದರೆ ಮತ್ತೆ ಲಕ್ವ ಹೊಡೆಯುವುದು, ಹೃದಯಾಘಾತ, ಸಾವು ಒಂದು ವರ್ಷದೊಳಗೆ ಕಡಿಮೆಯಾಗಲಿಲ್ಲ.

ಆಪ್ ಬೇಡ ಎಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ. ಮನೆಯಾಕೆಯನ್ನು ಸಂಬಳವಿಲ್ಲದ ಫಿಸಿಯೋಥೆರಪಿಸ್ಟ್ ಮಾಡುವ ಆಪ್ ಬೇಡ ಎಂಬುದಂತೂ ಖಚಿತ. ಆಪ್‌ನಿಂದ ನಿರೀಕ್ಷಿಸಬಹುದಾದದ್ದು ಮೂರು: ಆರೈಕೆಯಲ್ಲಿ ಆಗುವ ಅಪಾಯಗಳನ್ನು ತಪ್ಪಿಸುವುದು, ಆರೈಕೆ ಮಾಡುವವರ ಶ್ರಮವನ್ನು ಇಳಿಸುವುದು, ತಿಳಿದವರನ್ನು ಬೇಗ ತಲುಪಿಸುವುದು. ಇವನ್ನು ಕೋಲಾರ ಜಿಲ್ಲೆಯ ಕೆಜಿಎಫ್ ಮತ್ತು ಬಂಗಾರಪೇಟೆಯ ಮನೆಗಳಲ್ಲಿಟ್ಟು ನೋಡಿದಾಗ ವಿನ್ಯಾಸದ ಪ್ರಶ್ನೆಗಳು ಸ್ಪಷ್ಟವಾಗುತ್ತವೆ.

ಕೆಜಿಎಫ್‌ನ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಮುಚ್ಚಿದಾಗ ಊರಿನ ಕೆಲಸದ ಜತೆಗೆ ಗಣಿ ಕಂಪನಿಯ ಆಸ್ಪತ್ರೆಯೂ ಹೋಯಿತು. ಅಂದಿನಿಂದ ದುಡಿಯುವವರ ದೊಡ್ಡ ಪಾಲು ಮಾರಿಕುಪ್ಪಂ–ಬೆಂಗಳೂರು ರೈಲಿನಲ್ಲಿದೆ. ಬೆಳಕು ಹರಿಯುವ ಮೊದಲು ಹೊರಟವರು ಮನೆ ಸೇರುವುದು ರಾತ್ರಿ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಹತ್ತುವವರ ದಿನವೂ ಹೀಗೆಯೇ. ಹಾಗಾಗಿ ಲಕ್ವ ಹೊಡೆದ ಮುದುಕರ ಮನೆಯಲ್ಲಿ ಆರೈಕೆದಾರರು ಸಾಮಾನ್ಯವಾಗಿ ಇಬ್ಬರು. ಮನೆಯಲ್ಲಿ ಉಳಿದವರ ಕೈಯಲ್ಲಿ ಬಟನ್ ಫೋನ್. ರೈಲಿನಲ್ಲಿರುವ ಮಗ ಅಥವಾ ಮಗಳ ಕೈಯಲ್ಲಿ ಸ್ಮಾರ್ಟ್‌ಫೋನ್. ಬಹುಪಾಲು ಆಪ್‌ಗಳು ಒಬ್ಬ ಬಳಕೆದಾರ, ಒಂದು ಫೋನ್ ಎಂದೇ ಭಾವಿಸಿರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸ್ವಂತಕ್ಕೆ ಬಳಸುವ ಮೊಬೈಲ್ ಇದ್ದ ಮಹಿಳೆಯರು ಶೇ 54ರಷ್ಟು; ಇಂಟರ್‌ನೆಟ್ ಒಮ್ಮೆಯಾದರೂ ಬಳಸಿದವರು ಮೂರರಲ್ಲಿ ಒಬ್ಬರು ಮಾತ್ರ. ಪರಿಸ್ಥಿತಿ ಈಚೆಗೆ ಸುಧಾರಿಸಿರಬಹುದು, ಆದರೆ ವಯಸ್ಸಾದ ಹೆಂಗಸರ ಮಟ್ಟಿಗೆ ಅಂತರ ಮುಚ್ಚಿದೆ ಎಂದುಕೊಳ್ಳಲಾಗದು.

ಆದ್ದರಿಂದ ಕೆಲಸವನ್ನು ಎರಡು ಫೋನ್‌ಗಳಿಗೆ ಹಂಚಬೇಕು. ಮನೆಯ ಫೋನಿಗೆ ನಿಗದಿತ ಹೊತ್ತಿನಲ್ಲಿ ಧ್ವನಿ ಕರೆ ಬರಲಿ: ಮಗ್ಗುಲು ಬದಲಿಸುವ ಹೊತ್ತಾಯಿತು, ರಾತ್ರಿ ಮಾತ್ರೆ ಕೊಟ್ಟಿರಾ, ಒಂದನ್ನು ಒತ್ತಿ. ಮಿಸ್ಡ್ ಕಾಲ್ ಕೊಟ್ಟರೆ ನರ್ಸ್ ತಿರುಗಿ ಕರೆ ಮಾಡಲಿ. ರೈಲಿನ ಫೋನಿಗೆ ಅಲ್ಲಿ ಕುಳಿತೇ ಮಾಡಬಹುದಾದ ಕೆಲಸ ಹೋಗಲಿ: ಮಾತ್ರೆ ಮೂರು ದಿನದಲ್ಲಿ ಮುಗಿಯುತ್ತದೆ, ಮುಂದಿನ ತಪಾಸಣೆ ಇಂಥ ದಿನ, ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಲ್ಲ. ದಾರಿಯಲ್ಲಿ ಸಿಗ್ನಲ್ ಹೋದರೂ ನಿಲ್ಲದ ಹಾಗೆ ಇರಬೇಕು. ಮನೆಯಲ್ಲಿ ಒಬ್ಬರೇ ಹೊರುತ್ತಿದ್ದ ಹೊಣೆಯಲ್ಲಿ ಒಂದಿಷ್ಟು ಹೀಗೆ ರೈಲು ಹತ್ತಿದರೆ ಅದೇ ದೊಡ್ಡ ಲಾಭ.

ಭಾಷೆಯ ಪ್ರಶ್ನೆಯನ್ನು ಮೆನುವಿನಲ್ಲಿ ಕನ್ನಡ ಸೇರಿಸಿ ಮುಗಿಸುವಂತಿಲ್ಲ. ಗಣಿ ಕಾಲೊನಿಗಳಲ್ಲಿ ಮನೆಮಾತು ಹೆಚ್ಚಾಗಿ ತಮಿಳು. ಸುತ್ತಲ ಹಳ್ಳಿಗಳಲ್ಲಿ ಕನ್ನಡ, ತೆಲುಗು. ಪೇಟೆಗಳಲ್ಲಿ ಉರ್ದು ಕೂಡ. ತಮಿಳು ಮಾತಾಡುವ ಎಷ್ಟೋ ಮಂದಿ ಆ ಲಿಪಿ ಓದಲಾರರು, ಶಾಲೆಯಲ್ಲಿ ಕಲಿತದ್ದು ಕನ್ನಡ ಅಥವಾ ಇಂಗ್ಲಿಷ್. ಧ್ವನಿಯೇ ಮೊದಲಾಗಬೇಕು, ಬರಹ ಆಮೇಲೆ. ಲಕ್ವದಿಂದ ಮಾತು ಹೋದವರ ವಿಷಯ ಇನ್ನೂ ಸೂಕ್ಷ್ಮ. ಮನೆಯಲ್ಲಿ ಒಂದು, ಗಣಿಯಲ್ಲಿ ಇನ್ನೊಂದು ಭಾಷೆ ಆಡಿದವರಿಗೆ ಯಾವುದು ಮೊದಲು ಮರಳುತ್ತದೆಂದು ಮುಂಚೆ ಹೇಳಲಾಗದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇಂಥ ತೊಂದರೆಗಳ ಮೇಲೆ ಕೆಲಸ ಮಾಡುತ್ತಿದೆ. ಅದರ ಪರಿಣತಿಯನ್ನು ಬಳಸಿಕೊಳ್ಳಬೇಕೇ ಹೊರತು ವಿದೇಶಿ ಚಿತ್ರಪಟಗಳನ್ನು ತಂದು ಹೆಸರು ಬದಲಿಸುವುದರಲ್ಲಿ ಅರ್ಥವಿಲ್ಲ.

ಆಪ್‌ನ ಒಳಗೆ ಏನು ಹೇಳಬೇಕೆಂಬುದನ್ನೂ ಮನೆಯೇ ತೀರ್ಮಾನಿಸುತ್ತದೆ. ನುಂಗುವ ತೊಂದರೆ ಇದ್ದವರಿಗೆ ನೀರು ಸುಲಭ, ಗಟ್ಟಿ ಆಹಾರ ಕಷ್ಟ ಎಂದು ಹೆಚ್ಚಿನವರು ತಿಳಿಯುತ್ತಾರೆ. ತೆಳ್ಳನೆಯ ನೀರೇ ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ತರುವ ಸಂಭವವಿದೆ. ಅಗಿಯದೆ ನುಂಗುವ ರಾಗಿ ಮುದ್ದೆಯೂ ಅಪಾಯಕಾರಿ. ವೈದ್ಯರು ಪರೀಕ್ಷಿಸಿದ ಮೇಲೆ ಕೆಲವರಿಗೆ ಇಡ್ಲಿ ಹಿಟ್ಟಿನ ಹದದ ರಾಗಿ ಗಂಜಿ ಸರಿಹೋಗಬಹುದು. ನೆಟ್ಟಗೆ ಕೂರಿಸಿಯೇ ಉಣಿಸಬೇಕು, ಉಂಡ ಅರ್ಧ ಗಂಟೆ ಮಲಗಿಸಬಾರದು. ಓಟ್ಸ್, ಸೂಪ್ ತೋರಿಸುವ ವಿಡಿಯೊಗಳಿಂದ ಇದು ತಿಳಿಯುವುದಿಲ್ಲ. ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲು ಜಾರಬಹುದು. ಗಣಿಯ ಲೈನ್ ಮನೆಗಳ ಇಕ್ಕಟ್ಟಿನಲ್ಲಿ, ನೆಲದ ಚಾಪೆಯಿಂದ ಎಬ್ಬಿಸಬೇಕಾದಾಗ ಎಳೆಯುವುದೇ ಸುಲಭ ಅನ್ನಿಸುವುದು ಸಹಜ. ಹಲವು ಸಾಲುಗಳಲ್ಲಿ ಶೌಚಾಲಯ ಮನೆಯ ಹೊರಗಿದೆ. ಆಸ್ಪತ್ರೆಯ ಮಂಚ, ಪಾಶ್ಚಾತ್ಯ ಕಮೋಡ್ ತೋರಿಸುವ ಚಿತ್ರಗಳು ಅಲ್ಲಿ ಕೆಲಸಕ್ಕೆ ಬಾರವು. ಚಿತ್ರೀಕರಣ ಅದೇ ಲೈನ್ ಮನೆಯಲ್ಲಿ, ಅದೇ ಚಾಪೆಯ ಮೇಲೆ ಆಗಬೇಕು.

ಮತ್ತೆ ಲಕ್ವ ಹೊಡೆಯುವ ಸೂಚನೆ ಕಂಡರೆ ಒತ್ತಲು ಒಂದೇ ಗುಂಡಿ ಇರಬೇಕು: ಬಾಯಿ ಸೊಟ್ಟಗಾಗುವುದು, ಕೈ ಬೀಳುವುದು, ಮಾತು ತೊದಲುವುದು. ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯ ಅವಧಿ ನಾಲ್ಕೂವರೆ ಗಂಟೆ. ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು. ಗುಂಡಿ ಒತ್ತಿದರೆ ಮಾಹಿತಿ ಪುಟ ತೆರೆಯದೆ 108ಕ್ಕೆ ಕರೆ ಹೋಗಲಿ. ನಾಟಿ ಔಷಧಕ್ಕೆ ರಾಜ್ಯದ ಗಡಿಯಾಚೆ ಕರೆದೊಯ್ಯುವ ರೂಢಿ ಇನ್ನೂ ಇದೆ. ಅದನ್ನು ಹೀಗಳೆಯುವ ಆಪ್ ಅನ್ನು ಜನ ತೆಗೆದುಹಾಕುತ್ತಾರೆ. ಮೊದಲ ಗಂಟೆಗಳಲ್ಲಿ ಆಸ್ಪತ್ರೆ, ಯಾವ ಔಷಧ ತಂದರೂ ಬಿಪಿ ಮಾತ್ರೆ ನಿಲ್ಲಿಸಬೇಡಿ ಎಂಬಷ್ಟು ಹೇಳಿದರೆ ಕೇಳಿಯಾರು.

ಆರೈಕೆ ಮಾಡುವವರ ಮನಸ್ಸಿನ ದಣಿವನ್ನೂ ಆಪ್ ವಿಚಾರಿಸಬೇಕು. ಮರೆವಿನ ಕಾಯಿಲೆಯವರ ಆರೈಕೆದಾರರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಐಸಪೋರ್ಟ್’ ಆನ್‌ಲೈನ್ ಪಾಠಗಳ ಭಾರತೀಯ ಪ್ರಯೋಗದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೊನೆಯವರೆಗೆ ಉಳಿಯಲಿಲ್ಲ. ದಿನವಿಡೀ ದಣಿದವರಿಗೆ ಇನ್ನೊಂದು ಪಾಠ ಹೇಳುವುದು ಉಪಕಾರವಾಗದು. ನಿದ್ದೆ ಬಂತೇ, ಬೆನ್ನು ನೋವಿದೆಯೇ ಎಂಬ ಎರಡು ಪ್ರಶ್ನೆ ಕೇಳಿ, ಬೇಕಾದಾಗ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಜೋಡಿಸಿದರೆ ಪ್ರಯೋಜನ ಹೆಚ್ಚು.

ಇದನ್ನು ನಡೆಸುವವರು ಯಾರು? ಕೋಲಾರ ಜಿಲ್ಲೆಗೆ ಇಲ್ಲಿ ಅನುಕೂಲವಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ಮೊದಲ ಕ್ಲಿನಿಕ್‌ಗಳಲ್ಲಿ ಒಂದು ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯದು. ಮನೆ ಬಾಗಿಲಲ್ಲಿ ಬಿಪಿ, ಶುಗರ್ ನೋಡುವ ‘ಗೃಹ ಆರೋಗ್ಯ’ ಯೋಜನೆಯೂ 2024ರಲ್ಲಿ ಈ ಜಿಲ್ಲೆಯಿಂದಲೇ ಶುರುವಾಯಿತು. ಆಪ್‌ನ ಕರೆಗಳು ಈ ಕ್ಲಿನಿಕ್‌ಗೂ ಆಶಾ ಕಾರ್ಯಕರ್ತೆಗೂ ತಲುಪುವಂತಿದ್ದರೆ ಅದಕ್ಕೆ ಬೆಲೆ. ಖಾಸಗಿ ಕಂಪನಿಯ ಸರ್ವರ್‌ನಲ್ಲಿ ನಿಂತರೆ ಅದು ಬರೀ ದತ್ತಾಂಶ ಸಂಗ್ರಹ. ಆಶಾ ಕಾರ್ಯಕರ್ತೆಯರ ಕೈಯಲ್ಲಿ ಈಗಾಗಲೇ ಹಲವು ಆಪ್‌ಗಳಿವೆ. ಇನ್ನೊಂದನ್ನು ಹೇರುವ ಮೊದಲು ಅದರ ಗೌರವಧನ ನಿಗದಿಯಾಗಬೇಕು. ಯಶಸ್ಸನ್ನು ಡೌನ್‌ಲೋಡ್ ಲೆಕ್ಕದಲ್ಲಿ ಅಳೆಯಬಾರದು. ಹಾಸಿಗೆ ಹುಣ್ಣು ಎಷ್ಟು ಕಡಿಮೆಯಾಯಿತು, ಮನೆಯಾಕೆಗೆ ವಾರದಲ್ಲಿ ಎಷ್ಟು ರಾತ್ರಿ ನಿದ್ದೆ ಸಿಕ್ಕಿತು ಎಂಬುದೇ ಅಳತೆ.

ಇರುವ ಹಣ ಒಂದಕ್ಕೆ ಮಾತ್ರ ಸಾಲುವುದಾದರೆ ಕೆಜಿಎಫ್ ಮತ್ತು ಬಂಗಾರಪೇಟೆ ತಾಲ್ಲೂಕುಗಳಿಗೆ ಮನೆ ಮನೆಗೆ ಹೋಗುವ ಫಿಸಿಯೋಥೆರಪಿಸ್ಟ್ ಮೊದಲು ಬರಲಿ, ಆಪ್ ಆಮೇಲೆ.